ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ದೂರದ ವಿಮಾನ ನಿಲ್ದಾಣಗಳ ನಡುವಿನ ಅಂತರದ ಲೆಕ್ಕ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)

1. ಯಾವ ದೂರ?

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಎಂದರೆ, ಅವೆರಡನ್ನೂ ಭೂಮಿಯ ಮೇಲ್ಮೈಯಲ್ಲಿ ಜೋಡಿಸುವ ಅತಿ ಚಿಕ್ಕ ದಾರಿಯ ಉದ್ದ. ಬೆಂಗಳೂರು–ಮೈಸೂರು ರಸ್ತೆಯ ಉದ್ದವನ್ನು ನೆಲದ ಮೇಲೆ ಅಳೆದು ಕಲ್ಲು ನೆಡಬಹುದು. ಹಿಮಾಲಯ, ಸೈಬೀರಿಯ, ಆರ್ಕ್ಟಿಕ್ ಸಾಗರಗಳನ್ನು ದಾಟುವ ದಾರಿಯನ್ನು ಹಾಗೆ ಅಳೆದವರಿಲ್ಲ, ಅಳೆಯುವ ಅಗತ್ಯವೂ ಇಲ್ಲ. ಎರಡು ಸ್ಥಳಗಳ ಅಕ್ಷಾಂಶ ಮತ್ತು ರೇಖಾಂಶ ಗೊತ್ತಿದ್ದರೆ, ಪಿಯುಸಿ ಮಟ್ಟದ ತ್ರಿಕೋನಮಿತಿ ಬಲ್ಲವರು ಆ ಉದ್ದವನ್ನು ಕಾಗದದ ಮೇಲೆಯೇ ಕಂಡುಕೊಳ್ಳಬಹುದು.

ಆದರೆ ವಿಮಾನಯಾನದಲ್ಲಿ "ದೂರ" ಎಂಬ ಒಂದೇ ಮಾತಿನ ಹಿಂದೆ ಹಲವು ಸಂಖ್ಯೆಗಳಿವೆ. ಭೂಮಿಯನ್ನು ಗೋಳವೆಂದು ಹಿಡಿದರೆ ಒಂದು ಸಂಖ್ಯೆ, ಧ್ರುವಗಳಲ್ಲಿ ಚಪ್ಪಟೆಯಾದ ಅದರ ನಿಜವಾದ ಆಕಾರವನ್ನು ಹಿಡಿದರೆ ಮತ್ತೊಂದು. ವಿಮಾನ ಹಾರಿದ ದಾರಿಯ ಉದ್ದ ಇನ್ನೊಂದು; ಗಾಳಿಯನ್ನು ಸೇರಿಸಿ ಇಂಧನಕ್ಕಾಗಿ ಹಾಕುವ ಲೆಕ್ಕ ಬೇರೆಯದೇ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಯಾವ ಸಂಖ್ಯೆ ಯಾವ ಪ್ರಶ್ನೆಗೆ ಉತ್ತರ ಎಂಬುದು ತಿಳಿದಿರಬೇಕು, ಅಷ್ಟೆ. ಈ ಉಪನ್ಯಾಸ ಒಂದೇ ಜೋಡಿ ನಿಲ್ದಾಣಗಳನ್ನು ಉದಾಹರಣೆಯಾಗಿ ಹಿಡಿದು ಆ ಸಂಖ್ಯೆಗಳನ್ನು ಒಂದೊಂದಾಗಿ ಬಿಡಿಸುತ್ತದೆ. ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಒಂದು, ಕ್ಯಾಲಿಫೋರ್ನಿಯದ ಸ್ಯಾನ್ ಫ್ರಾನ್ಸಿಸ್ಕೊ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಇನ್ನೊಂದು. ಕನ್ನಡಿಗರ ಎಷ್ಟೋ ಮನೆಗಳಿಗೆ ಈ ಎರಡೂ ಹೆಸರು ಪರಿಚಿತ. ಗಣಿತದ ದೃಷ್ಟಿಯಿಂದಲೂ ಈ ಜೋಡಿ ಫಲವತ್ತಾದುದು, ಏಕೆಂದರೆ ಇವೆರಡೂ ಭೂಗೋಳದ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ.

2. ನಿಲ್ದಾಣದ ವಿಳಾಸ

ಕೆಂಪೇಗೌಡ ನಿಲ್ದಾಣ ಸಾವಿರಾರು ಎಕರೆಗಳಲ್ಲಿ ಹರಡಿದೆ. ಅದರೊಳಗೆ ದೂರವನ್ನು ಎಲ್ಲಿಂದ ಅಳೆಯಬೇಕು? ಇದಕ್ಕಾಗಿ ಪ್ರತಿ ನಿಲ್ದಾಣಕ್ಕೂ ಒಂದು ನಿರ್ದೇಶಕ ಬಿಂದುವನ್ನು ಗೊತ್ತುಮಾಡಿರುತ್ತಾರೆ. ಅದರ ಅಕ್ಷಾಂಶ–ರೇಖಾಂಶಗಳನ್ನು ಆಯಾ ದೇಶದ ವಿಮಾನಯಾನ ಮಾಹಿತಿ ಗ್ರಂಥದಲ್ಲಿ ಪ್ರಕಟಿಸುತ್ತಾರೆ. ಟರ್ಮಿನಲ್‌ನ ಬಾಗಿಲಾಗಲಿ ರನ್‌ವೇಯ ತುದಿಯಾಗಲಿ ಲೆಕ್ಕಕ್ಕೆ ಬರುವುದಿಲ್ಲ. ನಿಲ್ದಾಣದ ಪರವಾಗಿ ನಿಲ್ಲುವುದು ಆ ಒಂದು ಬಿಂದು ಮಾತ್ರ.

ಬೆಂಗಳೂರಿನ ಬಿಂದು 13 ಡಿಗ್ರಿ 11 ನಿಮಿಷ 56 ಸೆಕೆಂಡ್ ಉತ್ತರ ಅಕ್ಷಾಂಶ, 77 ಡಿಗ್ರಿ 42 ನಿಮಿಷ 20 ಸೆಕೆಂಡ್ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊದ ಬಿಂದು 37 ಡಿಗ್ರಿ 37 ನಿಮಿಷ 8 ಸೆಕೆಂಡ್ ಉತ್ತರ, 122 ಡಿಗ್ರಿ 22 ನಿಮಿಷ 30 ಸೆಕೆಂಡ್ ಪಶ್ಚಿಮದಲ್ಲಿದೆ. ನಿಮಿಷ, ಸೆಕೆಂಡುಗಳನ್ನು ದಶಮಾಂಶಕ್ಕೆ ತಂದರೆ ಕೆಲಸ ಹಗುರ: ಬೆಂಗಳೂರು 13.1989 ಉ., 77.7056 ಪೂ.; ಸ್ಯಾನ್ ಫ್ರಾನ್ಸಿಸ್ಕೊ 37.6189 ಉ., 122.3750 ಪ.

ರೇಖಾಂಶಗಳ ನಡುವಿನ ವ್ಯತ್ಯಾಸ ತೆಗೆಯುವಾಗ ಎಚ್ಚರ ಬೇಕು. ಒಂದು ಗ್ರೀನಿಚ್‌ನ ಪೂರ್ವಕ್ಕಿದೆ, ಇನ್ನೊಂದು ಪಶ್ಚಿಮಕ್ಕಿದೆ; ಆದ್ದರಿಂದ ಕೂಡಬೇಕು. ಮೊತ್ತ 200.0806 ಡಿಗ್ರಿ. ಇದು ಅರ್ಧ ಸುತ್ತಿಗಿಂತ ಹೆಚ್ಚು, ಅಂದರೆ ಪಶ್ಚಿಮದ ಬಳಸುದಾರಿ. ಪೂರ್ವದ ಕಡೆಯಿಂದ ಹೋದರೆ 360ರಲ್ಲಿ ಅದನ್ನು ಕಳೆದಷ್ಟು, ಅಂದರೆ 159.9194 ಡಿಗ್ರಿ. ಲೆಕ್ಕಕ್ಕೆ ಬೇಕಾದ ವ್ಯತ್ಯಾಸ ಇದು.

3. ಭೂಪಟದ ಗೆರೆ, ಗೋಳದ ದಾರಿ

ಶಾಲೆಯ ಗೋಡೆಯ ಮೇಲಿನ ಪ್ರಪಂಚ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಡ್ಡಪಟ್ಟಿ ಇಟ್ಟು ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಪೂರ್ವಕ್ಕೆ ಹೋಗುತ್ತದೆ. ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ರೂಪಿಸಿದ ಭೂಪಟದಲ್ಲಿ ಇಂಥ ನೇರ ಗೆರೆಗೆ ಒಂದು ಗುಣವಿದೆ: ಆ ಗೆರೆಯ ಮೇಲೆ ಸಾಗುವವರ ದಿಕ್ಕು ಉದ್ದಕ್ಕೂ ಒಂದೇ ಆಗಿರುತ್ತದೆ. ದಿಕ್ಸೂಚಿಯೊಂದನ್ನೇ ನೆಚ್ಚಿಕೊಂಡಿದ್ದ ಹಡಗಿನವರಿಗೆ ಇದು ದೊಡ್ಡ ಅನುಕೂಲವಾಗಿತ್ತು. ಈ ಸ್ಥಿರದಿಕ್ಕಿನ ದಾರಿಯಲ್ಲಿ ಬೆಂಗಳೂರಿನಿಂದ ಉತ್ತರದಿಂದ 80 ಡಿಗ್ರಿ ಬಲಕ್ಕೆ ತಿರುಗಿ ಹೊರಟು, ಹಾಗೆಯೇ ಪೆಸಿಫಿಕ್ ಸಾಗರವನ್ನು ದಾಟಬೇಕು. ಆಗ ಒಟ್ಟು ದೂರ ಸುಮಾರು 16,115 ಕಿ.ಮೀ. ಆಗುತ್ತದೆ.

ಇದು ಅತಿ ಚಿಕ್ಕ ದಾರಿಯಲ್ಲ. ಗ್ಲೋಬಿನ ಮೇಲೆ ಎರಡೂ ಊರುಗಳಿಗೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ ಅದು ಪೂರ್ವಕ್ಕೆ ಹೋಗದೆ ಉತ್ತರಕ್ಕೆ ಏರುತ್ತದೆ. ಸೈಬೀರಿಯವನ್ನು ಹಾದು, ಆರ್ಕ್ಟಿಕ್ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲೆ ಇಳಿದು ಬರುತ್ತದೆ. ದಾರ ಕೂರುವ ಈ ಗೆರೆ ಮಹಾವೃತ್ತದ ಒಂದು ಭಾಗ. ಗೋಳದ ಕೇಂದ್ರದ ಮೂಲಕ ಹಾಯುವ ಸಮತಲವೊಂದು ಗೋಳವನ್ನು ಕತ್ತರಿಸಿದಾಗ ಮೇಲ್ಮೈಯಲ್ಲಿ ಮೂಡುವ ವೃತ್ತವೇ ಮಹಾವೃತ್ತ. ಭೂಮಧ್ಯರೇಖೆ ಒಂದು ಮಹಾವೃತ್ತ. ಎದುರುಬದುರಿನ ಎರಡು ರೇಖಾಂಶಗಳನ್ನು ಸೇರಿಸಿದರೂ ಮಹಾವೃತ್ತವೇ. ಮಿಕ್ಕ ಅಕ್ಷಾಂಶ ವೃತ್ತಗಳು ಮಹಾವೃತ್ತಗಳಲ್ಲ. ಧ್ರುವದ ಕಡೆ ಹೋದಂತೆ ಅವು ಕಿರಿದಾಗುತ್ತವೆ.

ಹೀಗೆ ಕಿರಿದಾಗುವ ಪ್ರಮಾಣವನ್ನು ಭಾರತೀಯ ಸಿದ್ಧಾಂತ ಗ್ರಂಥಗಳು ಚೆನ್ನಾಗಿ ಬಲ್ಲವಾಗಿದ್ದವು. ಸೂರ್ಯಸಿದ್ಧಾಂತ ಭೂಮಿಯ ವ್ಯಾಸವನ್ನು 1,600 ಯೋಜನ ಎಂದಿಟ್ಟುಕೊಂಡು ಪರಿಧಿಯನ್ನು ಕಂಡುಹಿಡಿಯುತ್ತದೆ. ಅನಂತರ ಯಾವುದೇ ಊರಿನ ಅಕ್ಷಾಂಶ ವೃತ್ತದ ಪರಿಧಿ ಬೇಕಾದರೆ ಭೂಪರಿಧಿಯನ್ನು ಆ ಊರಿನ ಲಂಬಜ್ಯಾದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಬೇಕೆಂದು ಹೇಳುತ್ತದೆ. ಹೀಗೆ ಬಂದ ಪರಿಧಿಯನ್ನು ಬಳಸಿ, ಲಂಕೆ, ಉಜ್ಜಯಿನಿ, ರೋಹೀತಕಗಳ ಮೂಲಕ ಹಾಯುವ ಮೂಲರೇಖೆಯಿಂದ ಊರು ಎಷ್ಟು ಪೂರ್ವಕ್ಕೆ ಅಥವಾ ಪಶ್ಚಿಮಕ್ಕಿದೆ ಎಂಬುದಕ್ಕೆ ತಕ್ಕ ದೇಶಾಂತರ ಸಂಸ್ಕಾರ ಮಾಡುತ್ತಿದ್ದರು. ಲಂಬಜ್ಯಾವನ್ನು ತ್ರಿಜ್ಯದಿಂದ ಭಾಗಿಸಿದರೆ ಬರುವುದು ಇಂದಿನ ಭಾಷೆಯಲ್ಲಿ ಅಕ್ಷಾಂಶದ ಕೊಸೈನ್. ಇಂದಿನ ದೂರದ ಸೂತ್ರದ ಒಳಗೂ ಇದೇ ಗುಣಕ ಕೂತಿದೆ.

ಅಂಕಿಗಳಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಭೂಮಧ್ಯರೇಖೆಯ ಮೇಲೆ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 111 ಕಿ.ಮೀ. ಬೆಂಗಳೂರಿನ ಅಕ್ಷಾಂಶದಲ್ಲಿ ಅದು 108 ಕಿ.ಮೀ., ಸ್ಯಾನ್ ಫ್ರಾನ್ಸಿಸ್ಕೊದ ಅಕ್ಷಾಂಶದಲ್ಲಿ 88 ಕಿ.ಮೀ., 71 ಡಿಗ್ರಿ ಉತ್ತರದಲ್ಲಿ ಕೇವಲ 36 ಕಿ.ಮೀ. ಪೂರ್ವಕ್ಕೆ 160 ಡಿಗ್ರಿ ಸಾಗಲೇಬೇಕಾದ ವಿಮಾನ ಆ ಡಿಗ್ರಿಗಳನ್ನು ಅಗ್ಗವಾಗಿ ಸಿಗುವ ಉತ್ತರದಲ್ಲಿ ದಾಟಿದರೆ ಲಾಭ. ಅಲ್ಲಿಗೆ ಏರಿ ಇಳಿಯುವ ಖರ್ಚನ್ನು ಕಳೆದರೂ ಉಳಿತಾಯ ದೊಡ್ಡದೇ.

4. ಸೂತ್ರ

ಗೋಳದ ಮೇಲೆ ಒಂದು ತ್ರಿಕೋನವನ್ನು ಕಲ್ಪಿಸಬೇಕು. ಅದರ ಮೂರು ಶೃಂಗಗಳು ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಉತ್ತರ ಧ್ರುವ. ಧ್ರುವದಿಂದ ಎರಡೂ ಊರುಗಳಿಗೆ ಇಳಿಯುವ ಬಾಹುಗಳು ಆಯಾ ಊರಿನ ರೇಖಾಂಶದ ತುಂಡುಗಳು. ಅವುಗಳ ಉದ್ದ 90 ಡಿಗ್ರಿಯಲ್ಲಿ ಅಕ್ಷಾಂಶವನ್ನು ಕಳೆದಷ್ಟು. ಧ್ರುವದ ಬಳಿ ಅವುಗಳ ನಡುವಿನ ಕೋನವೇ ರೇಖಾಂಶಗಳ ವ್ಯತ್ಯಾಸ. ಎರಡು ಬಾಹು ಮತ್ತು ಅವುಗಳ ನಡುವಿನ ಕೋನ ಗೊತ್ತಿದ್ದರೆ ಮೂರನೆಯ ಬಾಹು ಸಿಗುತ್ತದೆ. ಆ ಮೂರನೆಯ ಬಾಹುವೇ ಬೇಕಾದ ದೂರ.

ಗೋಳ ತ್ರಿಕೋನಮಿತಿಯ ಕೊಸೈನ್ ನಿಯಮ ಇದನ್ನು ಒಂದೇ ಸಾಲಿನಲ್ಲಿ ಹೇಳುತ್ತದೆ. ಮೊದಲ ಊರಿನ ಅಕ್ಷಾಂಶ ಅ1, ಎರಡನೆಯದರದು ಅ2, ರೇಖಾಂಶಗಳ ವ್ಯತ್ಯಾಸ ರೇ, ಭೂಕೇಂದ್ರದಲ್ಲಿ ಎರಡು ಊರುಗಳ ನಡುವಿನ ಕೋನ ದೂ ಎಂದಾದರೆ:

ಕೊಸೈನ್ ದೂ = (ಸೈನ್ ಅ1 × ಸೈನ್ ಅ2) + (ಕೊಸೈನ್ ಅ1 × ಕೊಸೈನ್ ಅ2 × ಕೊಸೈನ್ ರೇ)

ಬಲಗಡೆಯ ಎಲ್ಲ ಬೆಲೆಗಳೂ ಗೊತ್ತಿರುವವು. ದೂ ಎಂಬ ಕೋನ ಸಿಕ್ಕ ಮೇಲೆ ಅದನ್ನು ಕಿಲೋಮೀಟರಿಗೆ ತಿರುಗಿಸಬೇಕು. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದರೆ ಪರಿಧಿ 40,030 ಕಿ.ಮೀ.; ಅದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 111.195 ಕಿ.ಮೀ.

5. ಲೆಕ್ಕ ಮಾಡಿ ನೋಡಿದಾಗ

ನಾಲ್ಕು ದಶಮಾಂಶ ಸ್ಥಾನಗಳ ಸೈನ್ ಕೋಷ್ಟಕ ಸಾಕು.

ಬೆಂಗಳೂರಿನ ಅಕ್ಷಾಂಶದ ಸೈನ್ 0.2283, ಕೊಸೈನ್ 0.9736.
ಸ್ಯಾನ್ ಫ್ರಾನ್ಸಿಸ್ಕೊ ಅಕ್ಷಾಂಶದ ಸೈನ್ 0.6104, ಕೊಸೈನ್ 0.7921.
ರೇಖಾಂಶ ವ್ಯತ್ಯಾಸದ ಕೊಸೈನ್: ಕೋನ 90 ಡಿಗ್ರಿಗಿಂತ ದೊಡ್ಡದಾದ್ದರಿಂದ ಋಣ ಬೆಲೆ, –0.9392.

ಮೊದಲ ಪದ: 0.2283 × 0.6104 = 0.1394.
ಎರಡನೆಯ ಪದ: 0.9736 × 0.7921 × (–0.9392) = –0.7243.
ಮೊತ್ತ: –0.5849.

ಯಾವ ಕೋನದ ಕೊಸೈನ್ –0.5849? ಕೋಷ್ಟಕದಲ್ಲಿ ಹಿಂದುಮುಂದಾಗಿ ಹುಡುಕಿದರೆ 125.80 ಡಿಗ್ರಿ ಸಿಗುತ್ತದೆ. ಅದನ್ನು 111.195ರಿಂದ ಗುಣಿಸಿದರೆ 13,988 ಕಿ.ಮೀ. ಸ್ಥಿರದಿಕ್ಕಿನ ದಾರಿಗಿಂತ ಇದು 2,100 ಕಿ.ಮೀ.ಗೂ ಹೆಚ್ಚು ಚಿಕ್ಕದು.

ಪೈಲಟ್‌ಗಳು ದೂರವನ್ನು ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. ಮಹಾವೃತ್ತದ ಮೇಲಿನ ಒಂದು ನಿಮಿಷ, ಅಂದರೆ ಡಿಗ್ರಿಯ ಅರುವತ್ತನೆಯ ಒಂದು ಭಾಗ, ಒಂದು ನಾಟಿಕಲ್ ಮೈಲಿ ಎಂಬ ಕಲ್ಪನೆಯಿಂದ ಹುಟ್ಟಿದ ಅಳತೆ ಅದು. 1929ರಲ್ಲಿ ಅದನ್ನು ನಿಖರವಾಗಿ 1,852 ಮೀಟರ್ ಎಂದು ನಿಗದಿಪಡಿಸಲಾಯಿತು. ಒಂದು ನಿಮಿಷಕ್ಕೆ ಒಂದು ಮೈಲಿ ಆದ್ದರಿಂದ ಕಿಲೋಮೀಟರಿನ ಗುಣಾಕಾರವೂ ಬೇಕಿಲ್ಲ. 125.80 ಡಿಗ್ರಿಯನ್ನು 60ರಿಂದ ಗುಣಿಸಿದರೆ 7,548 ನಾಟಿಕಲ್ ಮೈಲಿ. ಹಡಗು ಮತ್ತು ವಿಮಾನಗಳ ಲೋಕ ಈ ಮೈಲಿಯನ್ನು ಇಂದಿಗೂ ಬಿಡದಿರುವುದಕ್ಕೆ ಕಾರಣ ಈ ಸಲೀಸು.

6. ದಾರಿ ಹಾಯುವ ನೆಲ

ಇದೇ ತ್ರಿಕೋನದಿಂದ ಹೊರಡುವ ದಿಕ್ಕೂ ಸಿಗುತ್ತದೆ. ಬೆಂಗಳೂರಿನಲ್ಲಿ ಆ ದಿಕ್ಕು ಉತ್ತರದಿಂದ ಪೂರ್ವಕ್ಕೆ ಸುಮಾರು 20 ಡಿಗ್ರಿ. ಅಮೆರಿಕಕ್ಕೆ ಹೊರಟ ವಿಮಾನ ಪೂರ್ವಕ್ಕೂ ಪಶ್ಚಿಮಕ್ಕೂ ಅಲ್ಲದೆ ಬಹುತೇಕ ಉತ್ತರಕ್ಕೇ ಮುಖ ಮಾಡಬೇಕು. ಗಣಿತದ ಗೆರೆಯನ್ನು ಹಿಡಿದು ಹೋದರೆ ಆಂಧ್ರದ ಕರ್ನೂಲು ಸೀಮೆ, ವಿದರ್ಭದ ಪೂರ್ವದ ಗಡ್ಚಿರೋಲಿ, ಮಿರ್ಜಾಪುರದ ಆಸುಪಾಸಿನಲ್ಲಿ ಗಂಗೆ, ನೇಪಾಳದ ಲುಂಬಿನಿಯ ನೆರೆ, ಅನ್ನಪೂರ್ಣ ಶಿಖರಗಳ ಸಾಲು ಒಂದಾದ ಮೇಲೊಂದು ಬರುತ್ತವೆ. ಅಲ್ಲಿಂದ ಮುಂದೆ ಟಿಬೆಟ್, ಸಿಂಕಿಯಾಂಗ್, ಪಶ್ಚಿಮ ಮಂಗೋಲಿಯ, ಸೈಬೀರಿಯ.

ಬೆಂಗಳೂರಿನಿಂದ ಸುಮಾರು 8,450 ಕಿ.ಮೀ. ಸಾಗಿದಾಗ ಗೆರೆ ತನ್ನ ಅತ್ಯುತ್ತರ ಬಿಂದುವನ್ನು ಮುಟ್ಟುತ್ತದೆ. ಅದು 71 ಡಿಗ್ರಿ ಉತ್ತರ, 163 ಡಿಗ್ರಿ ಪೂರ್ವದ ಹತ್ತಿರ, ಪೂರ್ವ ಸೈಬೀರಿಯ ಸಮುದ್ರದಲ್ಲಿದೆ. ಆ ಬಿಂದುವಿನಲ್ಲಿ ವಿಮಾನದ ಮುಖ ನೇರ ಪೂರ್ವಕ್ಕೆ. ಅನಂತರ ಗೆರೆ ದಕ್ಷಿಣಕ್ಕೆ ಬಾಗಿ ಅಲಾಸ್ಕವನ್ನು ಹಾದು, ಪೆಸಿಫಿಕ್ ಕರಾವಳಿಯುದ್ದಕ್ಕೂ ಇಳಿದು ಸ್ಯಾನ್ ಫ್ರಾನ್ಸಿಸ್ಕೊ ತಲುಪುವಾಗ ದಿಕ್ಕು ಸುಮಾರು 156 ಡಿಗ್ರಿ, ಅಂದರೆ ದಕ್ಷಿಣ–ಆಗ್ನೇಯ. 20 ಡಿಗ್ರಿಯಲ್ಲಿ ಹೊರಟದ್ದು 156 ಡಿಗ್ರಿಯಲ್ಲಿ ಮುಟ್ಟಿದರೂ ವಿಮಾನ ಎಲ್ಲಿಯೂ ಎಡಬಲಕ್ಕೆ ಹೊರಳಿಲ್ಲ. ಗೋಳದ ಮೇಲೆ ಅದು ಸಾಗಿದ್ದು ನೆಟ್ಟಗೇ. ಬದಲಾದದ್ದು ಅದರ ಕೆಳಗಿನ ಉತ್ತರ ದಿಕ್ಕು.

7. ಚಿಕ್ಕ ದೂರದ ತೊಡಕು

ಕೊಸೈನ್ ನಿಯಮ ದೊಡ್ಡ ದೂರಗಳಿಗೆ ಚೆನ್ನಾಗಿ ಒದಗುತ್ತದೆ, ಚಿಕ್ಕ ದೂರಗಳಲ್ಲಿ ಕೈಕೊಡುತ್ತದೆ. ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣಕ್ಕೂ ದೇವನಹಳ್ಳಿಯ ನಿಲ್ದಾಣಕ್ಕೂ ನೇರ ಅಂತರ ಸುಮಾರು 28 ಕಿ.ಮೀ. ಭೂಕೇಂದ್ರದಲ್ಲಿ ಅದು ಕಾಲು ಡಿಗ್ರಿಯ ಕೋನ. ಆ ಕೋನದ ಕೊಸೈನ್ 0.99999. ನಾಲ್ಕು ಸ್ಥಾನಗಳ ಕೋಷ್ಟಕದಲ್ಲಿ ಇದು 1.0000 ಎಂದೇ ಕಾಣುತ್ತದೆ, ಅಂದರೆ ಎರಡು ನಿಲ್ದಾಣಗಳ ನಡುವೆ ದೂರವೇ ಇಲ್ಲ ಎಂಬ ಉತ್ತರ ಬರುತ್ತದೆ. ಕೊಸೈನ್ ಸೊನ್ನೆ ಡಿಗ್ರಿಯ ಬಳಿ ತೀರ ನಿಧಾನವಾಗಿ ಬದಲಾಗುವುದೇ ಇದಕ್ಕೆ ಕಾರಣ.

ಸಮುದ್ರಯಾನಿಗಳು ಈ ತೊಡಕನ್ನು ಹ್ಯಾವರ್ಸೈನ್ ಎಂಬ ಫಲನದಿಂದ ದಾಟಿದರು. ಒಂದರಿಂದ ಕೊಸೈನನ್ನು ಕಳೆದು ಅರ್ಧ ಮಾಡಿದರೆ ಹ್ಯಾವರ್ಸೈನ್. 1805ರಲ್ಲಿ ಜೇಮ್ಸ್ ಆಂಡ್ರ್ಯೂ ಅದರ ಕೋಷ್ಟಕ ಪ್ರಕಟಿಸಿದರು. ಆ ಹೆಸರನ್ನು 1835ರಲ್ಲಿ ಬಳಕೆಗೆ ತಂದವರು ಜೇಮ್ಸ್ ಇನ್‌ಮನ್. ಸೂತ್ರ ಹೀಗಿದೆ: ದೂರಕೋನದ ಹ್ಯಾವರ್ಸೈನ್ ಎಂದರೆ ಅಕ್ಷಾಂಶ ವ್ಯತ್ಯಾಸದ ಹ್ಯಾವರ್ಸೈನ್‌ಗೆ, ಎರಡು ಅಕ್ಷಾಂಶಗಳ ಕೊಸೈನ್‌ಗಳಿಂದ ಗುಣಿಸಿದ ರೇಖಾಂಶ ವ್ಯತ್ಯಾಸದ ಹ್ಯಾವರ್ಸೈನನ್ನು ಕೂಡಿದಷ್ಟು. ಹೇಳುವ ಸತ್ಯ ಕೊಸೈನ್ ನಿಯಮದ್ದೇ, ಬರೆಯುವ ರೀತಿ ಮಾತ್ರ ಬೇರೆ. ಹತ್ತಿರದ ಊರುಗಳಿಗೂ ದೂರದ ಊರುಗಳಿಗೂ ಒಂದೇ ಸಮ ಒದಗುವುದರಿಂದ ಇಂದಿನ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಹೆಚ್ಚಾಗಿ ಕಾಣುವುದು ಈ ರೂಪ.

8. ಭೂಮಿಯ ನಿಜವಾದ ಆಕಾರ

ಭೂಮಿ ಪೂರ್ಣ ಗೋಳವಲ್ಲ. ತನ್ನ ಸುತ್ತ ತಿರುಗುವುದರಿಂದ ಅದರ ನಡು ಉಬ್ಬಿದೆ, ಧ್ರುವಗಳು ಚಪ್ಪಟೆಯಾಗಿವೆ. ನ್ಯೂಟನ್ ಇದನ್ನು ಸಿದ್ಧಾಂತದಿಂದ ಹೇಳಿದರು. 1730ರ ದಶಕದಲ್ಲಿ ಫ್ರೆಂಚ್ ತಂಡಗಳು ಲ್ಯಾಪ್‌ಲ್ಯಾಂಡಿಗೂ ದಕ್ಷಿಣ ಅಮೆರಿಕಕ್ಕೂ ಹೋಗಿ ಒಂದು ಡಿಗ್ರಿ ಅಕ್ಷಾಂಶದ ಉದ್ದವನ್ನು ಅಳೆದು ಅದನ್ನು ಖಚಿತಪಡಿಸಿದವು.

ಈ ಆಕಾರವನ್ನು ನಿಖರಗೊಳಿಸುವ ಕೆಲಸದಲ್ಲಿ ದಕ್ಷಿಣ ಭಾರತದ ನೆಲಕ್ಕೂ ಪಾಲಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆಯನ್ನು ಅಳೆದು ತ್ರಿಕೋನಗಳ ಸರಪಣಿಯನ್ನು ಆರಂಭಿಸಿದರು. ಆ ಸರಪಣಿ ಸರಿಯಿದೆಯೇ ಎಂದು ಪರೀಕ್ಷಿಸಲು 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆಯಲಾಯಿತು. ಒಂದು ತುದಿಯಿಂದ ಕೋನಗಳನ್ನಷ್ಟೇ ಅಳೆಯುತ್ತ ಬಂದು ಲೆಕ್ಕದಿಂದ ಪಡೆದ ಉದ್ದಕ್ಕೂ, ನೆಲದ ಮೇಲೆ ಸರಪಳಿ ಹಾಸಿ ಅಳೆದ ಉದ್ದಕ್ಕೂ ತಾಳೆ ನೋಡುವುದು ಇದರ ಉದ್ದೇಶ. 1823ರಲ್ಲಿ ಲ್ಯಾಂಬ್ಟನ್ ತೀರಿಕೊಂಡ ಮೇಲೆ ಕೆಲಸವನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರಕ್ಕೆ ಅಂಕಿಗಳನ್ನು ಕೊಟ್ಟರು. ಭಾರತದ ಭೂಪಟಗಳು ಬಹುಕಾಲ ನಿಂತದ್ದು ಆ ಎವರೆಸ್ಟ್ ಆಕೃತಿಯ ಮೇಲೆ. ಅದರ ಪ್ರಕಾರ ಭೂಮಧ್ಯರೇಖೆಯ ತ್ರಿಜ್ಯ 6,377.276 ಕಿ.ಮೀ.

ಇಂದು ಜಿಪಿಎಸ್ ಬಳಸುವ ಜಾಗತಿಕ ಆಕೃತಿಯ ಹೆಸರು ಡಬ್ಲ್ಯುಜಿಎಸ್ 84. ಅದರ ಪ್ರಕಾರ ಭೂಮಧ್ಯರೇಖೆಯ ತ್ರಿಜ್ಯ 6,378.137 ಕಿ.ಮೀ., ಧ್ರುವದ ತ್ರಿಜ್ಯ 6,356.752 ಕಿ.ಮೀ. ಎರಡರ ನಡುವೆ 21.4 ಕಿ.ಮೀ. ಅಂತರ. ಎವರೆಸ್ಟರ ಅಂಕಿ ಈ ಆಧುನಿಕ ಅಂಕಿಗಿಂತ ಒಂದು ಕಿಲೋಮೀಟರಿಗೂ ಕಡಿಮೆ ವ್ಯತ್ಯಾಸದಲ್ಲಿದೆ ಎಂಬುದು ಸರಪಳಿ ಮತ್ತು ಥಿಯೊಡಲೈಟ್ ಹಿಡಿದು ಬಿಸಿಲು, ಕಾಡು, ಜ್ವರಗಳ ನಡುವೆ ದುಡಿದವರ ಶ್ರದ್ಧೆಗೆ ಸಾಕ್ಷಿ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1998ರ ಜನವರಿ 1ರಿಂದ ಎಲ್ಲ ನಿಲ್ದಾಣಗಳ ಸ್ಥಾನಗಳನ್ನೂ ಡಬ್ಲ್ಯುಜಿಎಸ್ 84ರಲ್ಲಿ ಕೊಡಬೇಕೆಂಬ ನಿಯಮ ತಂದಿತು. ಒಂದೊಂದು ದೇಶ ಒಂದೊಂದು ಆಕೃತಿಯನ್ನು ಬಳಸಿದರೆ ಒಂದೇ ಬಿಂದುವಿಗೆ ಬೇರೆಬೇರೆ ಅಕ್ಷಾಂಶ–ರೇಖಾಂಶಗಳು ಬರುತ್ತವೆ. ಆಕಾಶದಲ್ಲಿ ಆ ಗೊಂದಲ ಅಪಾಯಕಾರಿ.

ಚಪ್ಪಟೆಯಾದ ಭೂಮಿಯ ಮೇಲಿನ ಅತಿ ಚಿಕ್ಕ ದಾರಿಗೆ ಒಂದೇ ಸಾಲಿನ ಸೂತ್ರವಿಲ್ಲ. ಮೊದಲು ಒಂದು ಅಂದಾಜು ಮಾಡಿ, ಅದನ್ನು ಮತ್ತೆ ಮತ್ತೆ ತಿದ್ದುತ್ತ ಉತ್ತರಕ್ಕೆ ಹತ್ತಿರವಾಗಬೇಕು. ತಡ್ಡೇಯಸ್ ವಿನ್‌ಸೆಂಟಿ 1975ರಲ್ಲಿ ಇದಕ್ಕೆ ಚೊಕ್ಕ ವಿಧಾನವೊಂದನ್ನು ಕೊಟ್ಟರು. ಅದರ ನಿಖರತೆ ಮಿಲಿಮೀಟರಿಗಿಂತ ಸೂಕ್ಷ್ಮ. ಆದರೆ ಎರಡು ಸ್ಥಳಗಳು ಗೋಳದ ಸರಿಸುಮಾರು ಎದುರುಬದುರು ತುದಿಗಳಲ್ಲಿದ್ದರೆ ಅದು ಉತ್ತರಕ್ಕೆ ಬಂದು ನಿಲ್ಲುವುದಿಲ್ಲ. 2013ರಲ್ಲಿ ಚಾರ್ಲ್ಸ್ ಕಾರ್ನಿ ಪ್ರಕಟಿಸಿದ ವಿಧಾನ ಆ ಕೊರತೆಯನ್ನೂ ನೀಗಿತು.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಜೋಡಿಗೆ ಈ ಸೂಕ್ಷ್ಮ ಲೆಕ್ಕ ಕೊಡುವ ದೂರ ಸುಮಾರು 14,003 ಕಿ.ಮೀ. ಗೋಳದ ಲೆಕ್ಕದಲ್ಲಿ ಬಂದದ್ದು 13,988. ವ್ಯತ್ಯಾಸ 15 ಕಿ.ಮೀ., ಅಂದರೆ ಸಾವಿರಕ್ಕೆ ಒಂದರಷ್ಟು. ದಾರಿಯ ಬಹುಪಾಲು ಉತ್ತರ–ದಕ್ಷಿಣವಾಗಿ ಎತ್ತರದ ಅಕ್ಷಾಂಶಗಳಲ್ಲಿ ಹಾಯುತ್ತದೆ. ಚಪ್ಪಟೆಯಾದ ಆ ಭಾಗದಲ್ಲಿ ಒಂದು ಡಿಗ್ರಿ ಅಕ್ಷಾಂಶದ ಉದ್ದ ಸರಾಸರಿಗಿಂತ ಹೆಚ್ಚು. ಅದಕ್ಕೇ ಈ 15 ಕಿ.ಮೀ. ಹೆಚ್ಚಳ. ಗೋಳದ ಸೂತ್ರದ ದೋಷ ಸಾಮಾನ್ಯವಾಗಿ ಶೇಕಡ ಅರ್ಧವನ್ನು ಮೀರುವುದಿಲ್ಲ. ತರಗತಿಯ ಲೆಕ್ಕಕ್ಕೆ ಅದು ಧಾರಾಳವಾಗಿ ಸಾಕು.

ಎತ್ತರದ ಪ್ರಶ್ನೆಯೂ ಇದೆ. ವಿಮಾನ ಹಾರುವುದು ನೆಲದಿಂದ ಸುಮಾರು 11 ಕಿ.ಮೀ. ಮೇಲೆ. ಆ ಎತ್ತರದಲ್ಲಿ ವೃತ್ತದ ತ್ರಿಜ್ಯ ಅಷ್ಟೇ ಹೆಚ್ಚುತ್ತದೆ. 6,371ಕ್ಕೆ 11 ಎಂದರೆ ಸಾವಿರಕ್ಕೆ 1.7, ಇಡೀ ದಾರಿಗೆ ಸುಮಾರು 24 ಕಿ.ಮೀ. ಪ್ರಕಟಿತ ದೂರಗಳಲ್ಲಿ ಇದನ್ನು ಸೇರಿಸುವುದಿಲ್ಲ. ಅವೆಲ್ಲ ಮೇಲ್ಮೈಯ ದೂರಗಳು.

9. ಹಾರುವ ದಾರಿ

ಗಣಿತದ ಗೆರೆ ಇದ್ದಂತೆಯೇ ವಿಮಾನ ಹಾರುವುದಿಲ್ಲ. ಮೊದಲ ಕಾರಣ ರನ್‌ವೇಯಲ್ಲೇ ಇದೆ. ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಗಾಳಿ ನೋಡಿಕೊಂಡು ವಿಮಾನ ಪೂರ್ವಕ್ಕೋ ಪಶ್ಚಿಮಕ್ಕೋ ಏರಿ, ನಿಗದಿಯಾದ ನಿರ್ಗಮನ ದಾರಿಯಲ್ಲಿ ಸುತ್ತಿ, ಆಮೇಲೆ ತನ್ನ ದಿಕ್ಕಿಗೆ ಬರಬೇಕು. ಇಳಿಯುವಾಗಲೂ ಸರದಿಗಾಗಿ ಇಂಥದೇ ಸುತ್ತು.

ಎರಡನೆಯ ಕಾರಣ ನೆಲದ ಎತ್ತರ. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಆದ್ದರಿಂದ ದೂರಪಯಣದ ವಿಮಾನಗಳು ಹೆಚ್ಚಾಗಿ ಆ ಪ್ರದೇಶವನ್ನು ಬಳಸಿ ಹೋಗುತ್ತವೆ. ಅನ್ನಪೂರ್ಣದ ಮೇಲಿನ ಚಿಕ್ಕ ದಾರಿ ಅಲ್ಲಿಗೆ ಕಾಗದದ ಮೇಲೆಯೇ ಉಳಿಯುತ್ತದೆ.

ಮೂರನೆಯದು ದೇಶಗಳ ವಾಯುಪ್ರದೇಶ. ಯಾವ ದೇಶದ ಮೇಲೆ ಹಾರಲು ಯಾವ ಸಂಸ್ಥೆಗೆ ಅನುಮತಿಯಿದೆ ಎಂಬುದು ರಾಜಕೀಯಕ್ಕೆ ಸೇರಿದ್ದು. 2022ರಿಂದ ಅಮೆರಿಕದ ವಿಮಾನ ಸಂಸ್ಥೆಗಳು ರಷ್ಯದ ಮೇಲೆ ಹಾರುತ್ತಿಲ್ಲ; ಭಾರತೀಯ ಸಂಸ್ಥೆಗೆ ಆ ದಾರಿ ತೆರೆದಿತ್ತು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ನಿನ ತೊಂದರೆಯಿಂದ ಪೂರ್ವ ರಷ್ಯದ ಮಗದಾನ್‌ನಲ್ಲಿ ಇಳಿದದ್ದು ಆ ದಾರಿ ಎಲ್ಲಿ ಹಾಯುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿತು. ತುರ್ತಿಗೆ ಇಳಿಯಲು ಒಂದು ನಿಲ್ದಾಣ ಕೈಗೆಟಕುವಷ್ಟು ಹತ್ತಿರದಲ್ಲಿರಬೇಕೆಂಬ ನಿಯಮವೂ ದಾರಿಯನ್ನು ಬಾಗಿಸುತ್ತದೆ.

ಈ ಎಲ್ಲ ನಿರ್ಬಂಧಗಳ ನಡುವೆ ದಾರಿಯನ್ನು ಹಲವು ಗುರುತುಬಿಂದುಗಳಾಗಿ ಒಡೆಯುತ್ತಾರೆ. ಒಂದು ಬಿಂದುವಿನಿಂದ ಮುಂದಿನದಕ್ಕೆ ಮತ್ತೆ ಅದೇ ಮಹಾವೃತ್ತದ ಲೆಕ್ಕ. ಆ ತುಂಡುಗಳನ್ನೆಲ್ಲ ಕೂಡಿದರೆ ಯೋಜಿತ ದಾರಿಯ ಉದ್ದ.

ಚಿಕ್ಕ ದಾರಿಯಿಂದ ಸರಿದರೆ ಎಷ್ಟು ನಷ್ಟ? ಇದಕ್ಕೆ ಒಂದು ಒಳ್ಳೆಯ ನಿದರ್ಶನವಿದೆ. ಏರ್ ಇಂಡಿಯಾದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ಸೇವೆಯ ಮೊದಲ ವಿಮಾನ 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟು ಜನವರಿ 11ರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿಯಿತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು, ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವ. ಅವರು ಆರಿಸಿಕೊಂಡದ್ದು ಉತ್ತರ ಧ್ರುವದ ಮೇಲಿನ ದಾರಿ. ಅತಿ ಚಿಕ್ಕ ಗೆರೆ 71 ಡಿಗ್ರಿಗಿಂತ ಉತ್ತರಕ್ಕೆ ಹೋಗುವುದಿಲ್ಲ. ಧ್ರುವ ಆ ಗೆರೆಯಿಂದ 2,100 ಕಿ.ಮೀ.ಗೂ ಆಚೆಗಿದೆ. ಆದರೂ ಲೆಕ್ಕ ನೋಡಿದರೆ, ಬೆಂಗಳೂರಿನಿಂದ ಧ್ರುವಕ್ಕೆ 76.80 ಡಿಗ್ರಿ, ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವಕ್ಕೆ 52.38 ಡಿಗ್ರಿ, ಒಟ್ಟು 129.18 ಡಿಗ್ರಿ. ಗೋಳದ ಮೇಲೆ ಇದು 14,364 ಕಿ.ಮೀ. ಅತಿ ಚಿಕ್ಕ ದಾರಿಗಿಂತ ಹೆಚ್ಚಾದದ್ದು 376 ಕಿ.ಮೀ. ಮಾತ್ರ, ಶೇಕಡ 2.7. ಎರಡು ಸಾವಿರ ಕಿಲೋಮೀಟರ್ ಅತ್ತ ಸರಿದರೂ ನಷ್ಟ ನಾನೂರನ್ನು ಮುಟ್ಟಲಿಲ್ಲ. ಅತಿ ಚಿಕ್ಕ ದಾರಿಯ ಸುತ್ತಮುತ್ತಲಿನ ದಾರಿಗಳೆಲ್ಲ ಹೆಚ್ಚುಕಡಿಮೆ ಅಷ್ಟೇ ಚಿಕ್ಕವು. ಗಾಳಿ, ಹವಾಮಾನ, ಅನುಮತಿಗಳನ್ನು ನೋಡಿಕೊಂಡು ದಾರಿಯನ್ನು ಆಯುವ ಸ್ವಾತಂತ್ರ್ಯ ವಿಮಾನ ಸಂಸ್ಥೆಗಳಿಗೆ ಇರುವುದು ಗೋಳದ ಈ ಔದಾರ್ಯದಿಂದ.

ಧ್ರುವದ ದಾರಿಗೆ ಅದರದೇ ಸಿದ್ಧತೆ ಬೇಕು. ಸಾಮಾನ್ಯ ಜೆಟ್ ಇಂಧನ –47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಬಹುದು, ಆದ್ದರಿಂದ ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಡಬೇಕು. ಭೂಸ್ಥಿರ ಉಪಗ್ರಹಗಳ ಸಂಪರ್ಕ ಸುಮಾರು 82 ಡಿಗ್ರಿಯಿಂದ ಉತ್ತರಕ್ಕೆ ಸಿಗುವುದಿಲ್ಲ. ಸೌರ ಬಿರುಗಾಳಿಯ ದಿನಗಳಲ್ಲಿ ಈ ದಾರಿಯನ್ನೇ ಬಿಡಬೇಕಾಗುತ್ತದೆ.

10. ಗಾಳಿ ಬದಲಿಸುವ ದೂರ

ವಿಮಾನ ಚಲಿಸುವುದು ಗಾಳಿಯೊಳಗೆ, ಗಾಳಿ ಚಲಿಸುವುದು ನೆಲದ ಮೇಲೆ. 14,000 ಕಿ.ಮೀ. ದಾರಿಯಲ್ಲಿ ವಿಮಾನದ ವಾಯುವೇಗ ಗಂಟೆಗೆ 900 ಕಿ.ಮೀ. ಇದ್ದು, ಉದ್ದಕ್ಕೂ ಸರಾಸರಿ 100 ಕಿ.ಮೀ. ಎದುರುಗಾಳಿ ಬೀಸಿದರೆ ನೆಲದ ಮೇಲಿನ ವೇಗ 800. ಪ್ರಯಾಣಕ್ಕೆ ಹದಿನೇಳೂವರೆ ಗಂಟೆ. ಅಷ್ಟು ಹೊತ್ತಿನಲ್ಲಿ ವಿಮಾನ ಗಾಳಿಯೊಳಗೆ ಕ್ರಮಿಸಿದ್ದು 15,750 ಕಿ.ಮೀ. ಅದೇ ಗಾಳಿ ಹಿಂದಿನಿಂದ ಬೀಸಿದರೆ ಹದಿನಾಲ್ಕು ಗಂಟೆ. ಗಾಳಿಯೊಳಗಿನ ದೂರ 12,600 ಕಿ.ಮೀ. ಇಂಧನ ಖರ್ಚಾಗುವುದು ಗಾಳಿಯೊಳಗಿನ ಈ ದೂರಕ್ಕೆ. ಆದ್ದರಿಂದ ಟ್ಯಾಂಕಿಗೆ ಎಷ್ಟು ತುಂಬಬೇಕೆಂದು ತೀರ್ಮಾನಿಸುವವರು ನೋಡುವುದು ಈ ಸಂಖ್ಯೆಯನ್ನೇ.

ಮಧ್ಯ ಅಕ್ಷಾಂಶಗಳಲ್ಲಿ ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹ ಬೀಸುತ್ತದೆ. ಚಳಿಗಾಲದಲ್ಲಿ ಅದರ ಬಿರುಸು ಹೆಚ್ಚು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಕಡೆಯಿಂದ ಪೆಸಿಫಿಕ್ ಕಡೆಗೆ ತಿರುಗಿಸಿದ್ದು ಈ ಕಾರಣಕ್ಕೆ. ಅಟ್ಲಾಂಟಿಕ್ ದಾರಿ ಸುಮಾರು 13,900 ಕಿ.ಮೀ. ಇತ್ತು, ಪೆಸಿಫಿಕ್ ದಾರಿ 15,300. ಹೆಚ್ಚು ದೂರ ಹಾರಿದ ವಿಮಾನ ಹದಿನಾಲ್ಕೂವರೆ ಗಂಟೆಗಳಲ್ಲಿ, ಹಿಂದಿಗಿಂತ ಬೇಗನೆ ಮುಟ್ಟಿತು. ಈ ಎರಡು ನಗರಗಳ ನಡುವಿನ ಮಹಾವೃತ್ತದ ದೂರ ಸುಮಾರು 12,400 ಕಿ.ಮೀ. ಮಾತ್ರ.

11. ಕಾನೂನಿನ ದೂರ

ಹಾರಿದ ದಾರಿ ದಿನದಿನಕ್ಕೆ ಬದಲಾಗುವುದರಿಂದ ಕಾನೂನು ಮತ್ತು ಅಂಕಿಅಂಶಗಳಿಗೆ ಬದಲಾಗದ ಅಳತೆ ಬೇಕು. ಅಲ್ಲಿ ಮಹಾವೃತ್ತದ ದೂರವೇ ಆಧಾರ. ವಿಮಾನ ರದ್ದಾದರೆ ಅಥವಾ ಬಹಳ ತಡವಾದರೆ ಪ್ರಯಾಣಿಕರಿಗೆ ಪರಿಹಾರ ಕೊಡಿಸುವ ಐರೋಪ್ಯ ಒಕ್ಕೂಟದ 2004ರ ನಿಯಮ 1,500 ಮತ್ತು 3,500 ಕಿ.ಮೀ.ಗಳನ್ನು ಗಡಿಯಾಗಿ ಇಟ್ಟು, ಆ ದೂರವನ್ನು ಮಹಾವೃತ್ತದ ವಿಧಾನದಿಂದ ಅಳೆಯಬೇಕೆಂದು ಸ್ಪಷ್ಟವಾಗಿ ಹೇಳಿದೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಹೊರಡುವ ಪ್ರಯಾಣಿಕರ ಹಕ್ಕು ನಿರ್ಧಾರವಾಗುವುದು ಈ ಅಳತೆಯಿಂದ.

ಪ್ರಯಾಣದ ಇಂಗಾಲದ ಹೊರೆಯನ್ನು ಅಂದಾಜಿಸಲು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ರೂಪಿಸಿದ ವಿಧಾನವೂ ಮಹಾವೃತ್ತದಿಂದಲೇ ಆರಂಭವಾಗುತ್ತದೆ. ಬಳಸುದಾರಿ, ಸುತ್ತು, ಹವಾಮಾನಗಳಿಗಾಗಿ 550 ಕಿ.ಮೀ.ಗಿಂತ ಕಡಿಮೆ ದೂರಕ್ಕೆ 50, 5,500ರವರೆಗೆ 100, ಅದಕ್ಕಿಂತ ಹೆಚ್ಚಿನ ದೂರಕ್ಕೆ 125 ಕಿ.ಮೀ. ಸೇರಿಸುತ್ತಾರೆ. ಹಾಗೆ ನೋಡಿದರೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ 14,128 ಕಿ.ಮೀ.

12. ಯಾವ ಪ್ರಶ್ನೆಗೆ ಯಾವ ಸಂಖ್ಯೆ

ಒಂದೇ ಜೋಡಿ ನಿಲ್ದಾಣಗಳಿಗೆ ಈವರೆಗೆ ಬಂದ ಸಂಖ್ಯೆಗಳು ಹೀಗಿವೆ. ಸ್ಥಿರದಿಕ್ಕಿನ ದಾರಿ 16,115 ಕಿ.ಮೀ. ಗೋಳದ ಮೇಲಿನ ಮಹಾವೃತ್ತ 13,988. ಡಬ್ಲ್ಯುಜಿಎಸ್ 84ರ ಮೇಲಿನ ಅತಿ ಚಿಕ್ಕ ದಾರಿ 14,003. ಗೋಳದ ಮೇಲೆ ಧ್ರುವದ ಮೂಲಕ 14,364. ಇಂಗಾಲದ ಲೆಕ್ಕಕ್ಕೆ 14,128. ಮೇಲೆ ಹಿಡಿದ ಗಾಳಿಯ ಉದಾಹರಣೆಯಲ್ಲಿ 12,600ರಿಂದ 15,750.

ಎರಡು ಊರುಗಳ ಅಂತರವನ್ನು ಕೇಳಿದವರಿಗೆ ಹೇಳಬೇಕಾದದ್ದು 14,003, ಅಥವಾ ದುಂಡಾಗಿ 14,000. ಕೈಲೆಕ್ಕದಲ್ಲಿ ಅದನ್ನು ಪರೀಕ್ಷಿಸಬಯಸುವವರಿಗೆ ಕೊಸೈನ್ ನಿಯಮ ಸಾಕು, ಹತ್ತಿರದ ಊರುಗಳಿಗೆ ಹ್ಯಾವರ್ಸೈನ್. ಪ್ರಯಾಣದ ಹೊತ್ತು ಅಥವಾ ಇಂಧನ ಬೇಕಾದವರು ಯೋಜಿತ ದಾರಿಯನ್ನೂ ಆ ದಿನದ ಗಾಳಿಯನ್ನೂ ನೋಡಬೇಕು. ದೂರವನ್ನು ಹೇಳುವವರು ಯಾವ ಆಕೃತಿಯ ಮೇಲೆ, ಯಾವ ಬಿಂದುಗಳ ನಡುವೆ, ಯಾವ ವಿಧಾನದಿಂದ ಅಳೆದದ್ದು ಎಂಬುದನ್ನೂ ಹೇಳಿದರೆ ಆ ಸಂಖ್ಯೆಗೆ ಪೂರ್ಣ ಅರ್ಥ ಬರುತ್ತದೆ.

ಮೊಬೈಲಿನಲ್ಲಿ ಈ ಉತ್ತರ ಕ್ಷಣದಲ್ಲಿ ಸಿಗುತ್ತದೆ. ಆದರೂ ಕನ್ನಡ ಮಾಧ್ಯಮದ ತರಗತಿಯೊಂದರಲ್ಲಿ ಗ್ಲೋಬು, ದಾರ ಮತ್ತು ಸೈನ್ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಈ ಲೆಕ್ಕವನ್ನು ಒಮ್ಮೆ ಮಾಡಿಸುವುದು ಸಾರ್ಥಕವಾದ ಕೆಲಸ. ಭೂಗೋಳ, ತ್ರಿಕೋನಮಿತಿ, ಭೌತವಿಜ್ಞಾನ, ಇತಿಹಾಸ ನಾಲ್ಕೂ ಅಲ್ಲಿ ಒಂದೇ ಲೆಕ್ಕದಲ್ಲಿ ಕೂಡುತ್ತವೆ. ಬಂದ ಉತ್ತರ ಪ್ರಕಟಿತ ದೂರದೊಂದಿಗೆ ಸಾವಿರಕ್ಕೆ ಒಂದರ ಅಂತರದಲ್ಲಿ ತಾಳೆಯಾಗುವುದನ್ನು ವಿದ್ಯಾರ್ಥಿಗಳು ತಾವೇ ಕಾಣುತ್ತಾರೆ.